ಅಡುಗೆಮನೆಗೆ ಬಂದ ಅಳಿಯ

"ನೀರಿನದನ್ನೇ ಯಾಕೆ ಆರಿಸ್ಕೊಂಡೆ?"

ಮಗಳನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಮ್ಯಾನೇಜರ್ ಬಂದು ಕೇಳಿದ ಮೊದಲ ಮಾತು ಇದು. ಹೇಗಿದ್ದೀಯ ಎನ್ನಲಿಲ್ಲ. ಉರಿ ಕಡಿಮೆಯಾಯಿತೇ ಎನ್ನಲಿಲ್ಲ. ಮನೆಯಲ್ಲಿರುವ ಒಂದೇ ಕುರ್ಚಿಯನ್ನು ನಾನು ಒರೆಸಿ ಕೊಟ್ಟೆ. ಅವನು ಅದರ ಮೇಲೆ ತನ್ನ ಕರವಸ್ತ್ರ ಹಾಸಿಕೊಂಡು ಕೂತ.

ಮಗಳ ಬಲಗೈಗೆ ಬೆರಳಿನಿಂದ ಮೊಣಕೈವರೆಗೆ ಬಿಳಿ ಪಟ್ಟಿ ಸುತ್ತಿತ್ತು. ಕತ್ತಿನ ಒಂದು ಪಕ್ಕ ಚರ್ಮ ಸುಲಿದು ಹೋಗಿತ್ತು. ಅವಳು ಗೋಡೆಗೆ ಒರಗುವಂತಿರಲಿಲ್ಲ, ತಲೆ ತಗ್ಗಿಸುವಂತಿರಲಿಲ್ಲ. ನೆಟ್ಟಗೆ ಕೂತಿದ್ದಳು. ಮ್ಯಾನೇಜರಿಗೆ ಅದು ಸೊಕ್ಕಿನ ಹಾಗೆ ಕಂಡಿರಬೇಕು.

"ನಿನ್ನನ್ನೇ ಕೇಳ್ತಿರೋದು. ಬೆಂಕಿ ಬಿದ್ದಿದ್ದು ಎಣ್ಣೆಗೆ. ಎಣ್ಣೆ ಬೆಂಕಿಗೆ ಯಾರಾದ್ರೂ ನೀರು ಹೊಡೀತಾರಾ?"

"ಗೊತ್ತಿರ್ಲಿಲ್ಲ ಸಾರ್."

"ಗೊತ್ತಿರ್ಲಿಲ್ಲ ಅಂದ್ರೆ? ಸಿಲಿಂಡರ್ ಮೇಲೆ ಬರ್ದಿರುತ್ತೆ, ಯಾವುದು ಯಾವ ಬೆಂಕಿಗೆ ಅಂತ. ಓದೋಕೆ ಬರಲ್ವಾ?"

"ಬರುತ್ತೆ ಸಾರ್."

"ಮತ್ತೆ?"

ಅವಳ ಉತ್ತರಕ್ಕೆ ಅವನು ಕಾಯಲಿಲ್ಲ. ಕಾಲ ಮೇಲೆ ಕಾಲು ಹಾಕಿ ನನ್ನ ಕಡೆ ತಿರುಗಿದ.

"ನೋಡಮ್ಮಾ, ಬರೋ ವಾರ ಬೆಂಕಿ ನಂದಿಸೋ ತರಬೇತಿ ಇಟ್ಟಿದ್ದೀವಿ. ಎಲ್ಲಾ ಕೆಲಸದೋರೂ ಅಂಗಳಕ್ಕೆ ಬರ್ತಾರೆ. ಇವಳು ಎದ್ದು ನಿಂತು ಎರಡು ಮಾತು ಹೇಳ್ಲಿ. ತಪ್ಪು ನಂದು, ತಪ್ಪು ಸಿಲಿಂಡರ್ ಆರಿಸ್ಕೊಂಡೆ, ನೀವ್ಯಾರೂ ಹೀಗೆ ಮಾಡ್ಬೇಡಿ, ಅಂತ. ಉಳಿದೋರಿಗೂ ಪಾಠ ಆಗುತ್ತೆ. ಆಮೇಲೆ ಮೇಲಿನ ಅಂತಸ್ತಲ್ಲಿ ಗ್ಲಾಸ್ ಒರೆಸೋ ಕೆಲಸ ಕೊಡ್ತೀನಿ. ಹಗುರ ಕೆಲಸ."

"ಹೇಳ್ದೇ ಇದ್ರೆ?" ಎಂದೆ.

"ಹೇಳ್ತಾಳೆ. ನೀನು ತಾಯಿ. ನಿಂಗೆ ತಾಳ್ಮೆ ಇದೆ. ಕೂರಿಸ್ಕೊಂಡು ತಿಳಿಸಿ ಹೇಳು."

ಎದ್ದು ಹೋಗುವಾಗ ಕರವಸ್ತ್ರವನ್ನು ಎರಡು ಬೆರಳಲ್ಲಿ ಎತ್ತಿ, ಕೊಡವಿ, ಮಡಿಸಿ ಜೇಬಿಗಿಟ್ಟ. ಅವನಿಗೆ ನಮ್ಮ ಜೊತೆ ಕೆಲಸ ಮಾಡುವ ದೊಡ್ಡಕ್ಕ ಇಟ್ಟಿರುವ ಹೆಸರು ಇಸ್ತ್ರಿ. ಸುಮ್ಮನೆ ಇಟ್ಟಿಲ್ಲ.

ನಾವು ಕೆಲಸ ಮಾಡುವ ಕಟ್ಟಡದ ಮುಖ ಗಾಜಿನದು. ಹೊಟ್ಟೆ ನೆಲದ ಕೆಳಗಿದೆ. ಆ ಹೊಟ್ಟೆಯೇ ನಮ್ಮ ಅಡುಗೆಮನೆ. ಎಲ್ಲ ಅಂತಸ್ತಿನ ಅಧಿಕಾರಿಗಳಿಗೂ ಅವರ ಅತಿಥಿಗಳಿಗೂ ಅಲ್ಲಿಂದಲೇ ಊಟ ಹೋಗುತ್ತದೆ. ಕಿಟಕಿ ಇಲ್ಲ. ಹೊಗೆ ಎಳೆಯುವ ಚಿಮಣಿ ಎಳೆಯುವುದಕ್ಕಿಂತ ಹೆಚ್ಚು ಕೆಮ್ಮುತ್ತದೆ. ನಾನು ಪಾತ್ರೆ ತೊಳೆಯುತ್ತೇನೆ. ಮಗಳು ಕರಿಯುವ ಒಲೆಯ ಮುಂದೆ ನಿಲ್ಲುತ್ತಿದ್ದಳು. ಅವಳು ಹುಟ್ಟಿದಾಗ ಎಷ್ಟು ಚಿಕ್ಕದಾಗಿದ್ದಳೆಂದರೆ ಗುಬ್ಬಿ ಎಂದು ಕರೆದೆವು, ಅದೇ ಹೆಸರು ಉಳಿಯಿತು. ಗುಬ್ಬಿಯ ಮುಂದಿದ್ದ ಬಾಣಲೆಯಲ್ಲಿ ಗುಬ್ಬಿಯನ್ನೇ ಸ್ನಾನ ಮಾಡಿಸಬಹುದಿತ್ತು.

ಆ ಅಡುಗೆಮನೆಯ ಗೋಡೆಗೆ ಒಂದು ಬೆಂಕಿ ನಂದಿಸುವ ಸಿಲಿಂಡರ್ ನೇತಾಡುತ್ತಿತ್ತು. ನೀರಿನದು. ಮೊದಲು ಅದು ಹಳೆಯ ಕಾಗದಪತ್ರ ತುಂಬಿಡುವ ಕೋಣೆಯಲ್ಲಿತ್ತು. ಆ ಕೋಣೆಯನ್ನು ಅಧಿಕಾರಿಗಳ ವಿಶ್ರಾಂತಿಗೆ ಮಾಡಿದಾಗ ಸಿಲಿಂಡರ್ ಚಂದ ಕಾಣುವುದಿಲ್ಲ ಎಂದು ಕೆಳಗೆ ಕಳಿಸಿದರು. ಮೇಲಿನವರು ಉಟ್ಟು ಬಿಟ್ಟ ಬಟ್ಟೆ ಕೆಳಗಿನವರಿಗೆ. ಮೇಲಿನವರು ಕುಡಿದು ಬಿಟ್ಟ ಜ್ಯೂಸು ಕೆಳಗಿನವರಿಗೆ. ಸಿಲಿಂಡರೂ ಹಾಗೇ ಇಳಿದು ಬಂತು. ಕೊಟ್ಟದ್ದನ್ನು ಮೊಳೆ ಹೊಡೆದು ನೇತುಹಾಕಿದೆವು. ವಾರಕ್ಕೊಮ್ಮೆ ಒರೆಸುತ್ತಿದ್ದೆವು. ಅದನ್ನು ಬಳಸುವುದು ಹೇಗೆಂದು ಯಾರೂ ಹೇಳಿಕೊಡಲಿಲ್ಲ. ಒರೆಸುವುದು ಹೇಗೆಂದು ಮಾತ್ರ ಹೇಳಿಕೊಟ್ಟರು.

ಇನ್ನೊಂದು ಸಿಲಿಂಡರ್ ಇತ್ತು. ಹೊಸದು. ಕೆಂಪು ಮೈ, ನಡುವೆ ಹಳದಿ ಪಟ್ಟಿ, ಮೂಗಿನ ಕಡೆ ಉದ್ದನೆಯ ಕೊಳವೆ. ಅದರ ಜಾಗ ಮೇಲಿನ ಅಂತಸ್ತು. ದೊಡ್ಡ ಸಾಹೇಬರ ಕೋಣೆಯ ಪಕ್ಕ ಗಾಜಿನ ಗೋಡೆಯ ಪುಟ್ಟ ಅಡುಗೆಕೋಣೆ ಇದೆ. ಅಡುಗೆಕೋಣೆ ಅನ್ನುವುದು ಹೆಸರಿಗೆ. ಅಲ್ಲಿ ಇರುವುದು ಕರೆಂಟಿನ ಕೆಟಲ್ ಒಂದು, ಬಿಸ್ಕತ್ತಿನ ಡಬ್ಬಿಗಳು, ಗಾಜಿನ ಲೋಟಗಳು. ಹಳದಿ ಪಟ್ಟಿಯದು ಅದಕ್ಕೆ ಕಾವಲು.

ವರ್ಷಕ್ಕೊಮ್ಮೆ ಬೆಂಕಿ ಸುರಕ್ಷತೆಯ ತಪಾಸಣೆ. ಆ ದಿನ ಬೆಳಿಗ್ಗೆ ಇಸ್ತ್ರಿ ಕೂಗುತ್ತಿದ್ದ. "ಮೇಲಿಂದ ಆ ಸಿಲಿಂಡರ್ ಇಳಿಸಿ, ಕಿಚನ್ನಿಗೆ ಹಾಕಿ." ನಮ್ಮಲ್ಲಿ ಒಬ್ಬಳು ಹೋಗಬೇಕು. ಲಿಫ್ಟಿನಲ್ಲಿ ತರುವಂತಿಲ್ಲ, ಅದು ಅತಿಥಿಗಳಿಗೆ. ಹಿಂದಿನ ಮೆಟ್ಟಿಲು. ಎಳೆಯುವಂತಿಲ್ಲ, ಬಣ್ಣ ಗೀರುತ್ತದೆ. ಉರುಳಿಸುವಂತಿಲ್ಲ. ಎದೆಗೆ ಅವುಚಿಕೊಂಡು ಇಳಿಯಬೇಕು. ಕಬ್ಬಿಣದ ಅಂಚು ಸೊಂಟದ ಮೂಳೆಗೆ ಒತ್ತುತ್ತದೆ. ಕಾಲ ಕೆಳಗಿನ ಮೆಟ್ಟಿಲು ಕಾಣುವುದಿಲ್ಲ, ಪಾದದಲ್ಲಿ ತಡವಿ ತಡವಿ ಇಳಿಯಬೇಕು. ತಪಾಸಣೆ ಮುಗಿದ ಮೇಲೆ ಮತ್ತೆ ಅದನ್ನೇ ಅವುಚಿಕೊಂಡು ಹತ್ತಬೇಕು.

ಅದಕ್ಕೆ ಅಳಿಯ ಎಂದು ಹೆಸರಿಟ್ಟವಳೂ ದೊಡ್ಡಕ್ಕನೇ. ಅವಳು ಒಲೆಗಳ ಮೇಲ್ವಿಚಾರಣೆಯವಳು, ನಮ್ಮೆಲ್ಲರಿಗಿಂತ ಹಿರಿಯಳು.

"ದಾರಿ ಬಿಡ್ರೇ, ಅಳಿಯಂದ್ರು ಬಂದ್ರು! ವರ್ಷಕ್ಕೊಂದ್ಸಲ ಬರ್ತಾನೆ, ಒಳ್ಳೆ ಜಾಗ ನೋಡಿ ಕೂರ್ತಾನೆ, ಒಂದು ಕಡ್ಡಿ ಎತ್ತಲ್ಲ, ನೋಡಿದೋರ ಕೈಲಿ ಭೇಷ್ ಅನ್ನಿಸ್ಕೊಂಡು ಹೊರಟು ಹೋಗ್ತಾನೆ. ಅಳಿಯ ಅಲ್ದೆ ಇನ್ನೇನು?"

ನಾವು ನಗುತ್ತಿದ್ದೆವು. ಅದು ಯಾವ ಬೆಂಕಿಗೆ ಎಂದು ನಮಗೆ ತಿಳಿದಿರಲಿಲ್ಲ. ಬೆಲೆಬಾಳುವ ವಸ್ತು, ದೊಡ್ಡವರ ಹತ್ತಿರ ಇರುತ್ತದೆ, ಅಷ್ಟೇ. ಇಲ್ಲೇ ಇರಲಿ ಬಿಡಿ ಸಾರ್ ಎಂದು ಒಮ್ಮೆ ದೊಡ್ಡಕ್ಕ ಕೇಳಿದ್ದಳು, ಹೊರುವ ಕಷ್ಟಕ್ಕೆ. ಇಸ್ತ್ರಿ ಮೂಗು ಮುರಿದ. "ನಿಮ್ಮ ಕಿಚನ್ನಲ್ಲಿಟ್ರೆ ಜಿಡ್ಡು ಹಿಡಿಯುತ್ತೆ. ಹೊಳಪು ಹೋಗುತ್ತೆ."

ಈ ವರ್ಷದ ತಪಾಸಣೆ ಮುಗಿದಾಗ ಅಳಿಯನನ್ನು ಮೇಲೆ ಹೊತ್ತವಳು ನನ್ನ ಗುಬ್ಬಿ. "ಅಮ್ಮಾ, ನೀನು ಬೇಡ, ನಿಂಗೆ ಮಂಡಿ ನೋವು" ಎಂದು ನನ್ನ ಕೈಯಿಂದ ಕಿತ್ತುಕೊಂಡು ಹೋದಳು.

ಅದಾದ ವಾರದೊಳಗೆ ಕರಿಯುವ ಒಲೆಯ ತಿರುಪು ಸಿಕ್ಕಿಕೊಂಡಿತು. ಅದು ಕೆಟ್ಟಿದೆ ಎಂದು ಹೇಳಿ ಹೇಳಿ ನಮ್ಮ ಬಾಯಿ ಕೆಟ್ಟಿತ್ತು. ಉರಿ ಇಳಿಯಲಿಲ್ಲ. ಎಣ್ಣೆ ಹೊಗೆಯಾಡಿತು. ಹೊಗೆ ಕಪ್ಪಾಯಿತು. ಆಮೇಲೆ ಬಾಣಲೆಯ ತುಂಬ ಬೆಂಕಿ. ಗುಬ್ಬಿ ಗ್ಯಾಸಿನ ಮುಖ್ಯ ತಿರುಪು ಮುಚ್ಚಿದಳು. ಓಡಿ ಗೋಡೆಯ ಸಿಲಿಂಡರ್ ಇಳಿಸಿದಳು. ಪಿನ್ನು ಎಳೆದು ಬಾಣಲೆಯತ್ತ ಹಿಡಿದಳು.

ನೀರು ಬಿದ್ದ ತಕ್ಷಣ ಬಾಣಲೆ ಉಗುಳಿತು. ಬೆಂಕಿ ಸೂರಿಗೆ ಹೋಗಿ ಬಡಿದು, ಹರಡಿ, ಕೆಳಗೆ ಬಂತು. ಕುದಿಯುವ ಎಣ್ಣೆ ನನ್ನ ಮಗಳ ಕೈ ಮೇಲೆ, ಕತ್ತಿನ ಮೇಲೆ. ದೊಡ್ಡಕ್ಕ ದೊಡ್ಡ ಹಂಡೆಯ ಮುಚ್ಚಳ ತಂದು ಬಾಣಲೆಗೆ ಮುಚ್ಚಿದಳು. ನಾನು ಮಗಳನ್ನು ಪಾತ್ರೆ ತೊಳೆಯುವ ನಲ್ಲಿಯ ಕೆಳಗೆ ಎಳೆದು ಹಿಡಿದೆ. ಅವಳು ಅಮ್ಮಾ ಎನ್ನಲಿಲ್ಲ. ಕಿರುಚಲಿಲ್ಲ. ಹಲ್ಲು ಕಟಕಟ ಎನ್ನುತ್ತಿದ್ದವು, ಚಳಿಗೆ ಸಿಕ್ಕಿದ ಮಗುವಿನ ಹಾಗೆ.

ಮೇಲಿನ ಅಂತಸ್ತಿನಲ್ಲಿ ಅಳಿಯ ಕೆಟಲ್ ಕಾಯುತ್ತ ನಿಂತಿದ್ದ.

ತರಬೇತಿಯ ದಿನ ಬೆಳಿಗ್ಗೆ ಮಗಳ ತಲೆ ಬಾಚುತ್ತಿದ್ದೆ. ಕತ್ತಿನ ಕಡೆ ಕೂದಲು ಎತ್ತಿ ಹಿಡಿದು, ಉಸಿರು ಬಿಗಿಹಿಡಿದು ಬಾಚಬೇಕು. ಅಂಗಿಯ ಗುಂಡಿ ಹಾಕಿದೆ. ತುತ್ತು ಮಾಡಿ ಬಾಯಿಗಿಟ್ಟೆ. ಅವಳು ಜಗಿಯುತ್ತ ಜಗಿಯುತ್ತ ನಿಲ್ಲಿಸಿದಳು.

"ಅಮ್ಮಾ, ತಪ್ಪು ನಂದೇನಾ?"

"ಯಾಕೆ ಹಾಗಂತೀಯ?"

"ಓದೋಕೆ ಬರುತ್ತಲ್ಲ ನಂಗೆ. ವಾರ ವಾರ ಒರೆಸ್ತಿದ್ದೆ ಅದನ್ನ. ಓದಬೇಕಿತ್ತು."

ಕೈ ಸುಟ್ಟದ್ದಕ್ಕೆ ಮುಲಾಮು ಇತ್ತು. ಇದಕ್ಕೆ ಇರಲಿಲ್ಲ. ಅವನು ಕುರ್ಚಿಯ ಮೇಲೆ ಕರವಸ್ತ್ರ ಹಾಸಿ ಕೂತು, ಇದನ್ನು ಅವಳೊಳಗೆ ನೆಟ್ಟು ಹೋಗಿದ್ದ. ಅದು ಬೇರು ಬಿಟ್ಟಿತ್ತು. ಇವತ್ತು ಅವಳು ಎಲ್ಲರ ಮುಂದೆ ಆ ಮಾತು ಹೇಳಿದರೆ ಸಾಯುವವರೆಗೆ ಅದನ್ನೇ ನಂಬುತ್ತಾಳೆ. ಕೈ ನೋಡಿಕೊಂಡಾಗಲೆಲ್ಲ, ನನ್ನ ತಪ್ಪು, ಎನ್ನುತ್ತಾಳೆ.

"ನುಂಗು" ಎಂದೆ. "ಹೇಳಬೇಕು ಅನ್ನಿಸಿದ್ದನ್ನ ಹೇಳು. ಅನ್ನಿಸ್ದೇ ಇದ್ದಿದ್ದನ್ನ ಹೇಳ್ಬೇಡ. ನಾನು ಪಕ್ಕದಲ್ಲೇ ಇರ್ತೀನಿ."

ನಾವು ಹೋಗುವಷ್ಟರಲ್ಲಿ ಅಳಿಯ ಕೆಳಗಿಳಿದು ಬಂದಿದ್ದ. ಒಂದೇ ವರ್ಷದಲ್ಲಿ ಎರಡನೇ ಸಲ. ಕರಿಯುವ ಒಲೆಯ ಹತ್ತಿರವೇ ಹೊಸ ಮೊಳೆ ಹೊಡೆದು ನೇತುಹಾಕಿಸಿದ್ದರು. ನೀರಿನದನ್ನು ಚೀಲಗಳ ಹಿಂದೆ ಅಡಗಿಸಿದ್ದರು, ನೆಂಟರು ಬಂದಾಗ ಹರಕು ಚಾಪೆ ಅಡಗಿಸುವ ಹಾಗೆ.

"ಅಳಿಯಂದ್ರಿಗೆ ಪುರುಸೊತ್ತೇ ಇಲ್ಲ ಪಾಪ" ಎಂದಳು ದೊಡ್ಡಕ್ಕ. ಯಾರೂ ನಗಲಿಲ್ಲ.

ತರಬೇತಿ ಕೊಡಲು ಬಂದವನು ಬೇರೆ ಯಾರೂ ಅಲ್ಲ, ವರ್ಷವರ್ಷ ತಪಾಸಣೆಗೆ ಬರುವ ಅದೇ ಮನುಷ್ಯ. ನಾವು ಅವನನ್ನು ಬೆಂಕಿ ಮೇಷ್ಟ್ರು ಎನ್ನುತ್ತೇವೆ. ಅಂಗಳದಲ್ಲಿ ಮೇಜು ಹಾಕಿ, ಬಗೆಬಗೆಯ ಸಿಲಿಂಡರುಗಳನ್ನು ಸಾಲಾಗಿ ಜೋಡಿಸಿದ್ದ. ಅಧಿಕಾರಿಗಳಿಗೆ ನೆರಳಿನಲ್ಲಿ ಕುರ್ಚಿ. ನಮಗೆ ಬಿಸಿಲು.

"ಬೆಂಕಿ ಎಲ್ಲಾ ಒಂದೇ ಅಲ್ಲ" ಎಂದು ಶುರುಮಾಡಿದ. "ವರ್ಗಗಳಿವೆ. ಎ ವರ್ಗ ಅಂದ್ರೆ ಕಟ್ಟಿಗೆ, ಕಾಗದ, ಬಟ್ಟೆ. ಇದಕ್ಕೆ ನೀರು. ಬಿ ಅಂದ್ರೆ ಪೆಟ್ರೋಲು, ಬಣ್ಣ, ಥಿನ್ನರ್. ಇದಕ್ಕೆ ನೊರೆ ಇಲ್ಲಾ ಪುಡಿ. ಸಿ ಅಂದ್ರೆ ಗ್ಯಾಸು, ಇದಕ್ಕೆ ಪುಡಿ. ಮೊದಲು ಗ್ಯಾಸ್ ಬಂದ್ ಮಾಡ್ಬೇಕು. ಡಿ ಅಂದ್ರೆ ಲೋಹ, ಅದು ಕಾರ್ಖಾನೆಯೋರ ತಲೆನೋವು. ಕರೆಂಟಿನ ಸಾಮಾನಿಗೆ ಬೆಂಕಿ ಬಿದ್ರೆ ನೀರು ಹೊಡೀಲೇಬಾರ್ದು, ಶಾಕ್ ಹೊಡೆಯುತ್ತೆ. ಕಾರ್ಬನ್ ಡೈಆಕ್ಸೈಡ್ ಬೇಕು."

"ಬೆಂಕೀಲೂ ಮೇಲು ಕೀಳು ಇದೆ ಅನ್ನಿ ಮೇಷ್ಟ್ರೇ" ಎಂದಳು ದೊಡ್ಡಕ್ಕ.

"ಮೇಲು ಕೀಳು ಅಲ್ಲಮ್ಮ, ಬೇರೆ ಬೇರೆ. ತಪ್ಪು ಮದ್ದು ಕೊಟ್ರೆ ರೋಗ ಹೆಚ್ಚಾಗುತ್ತೆ, ಅಷ್ಟೇ. ಈಗ ಮುಖ್ಯವಾದದ್ದು. ಅಡುಗೆ ಎಣ್ಣೆ. ಇದಕ್ಕೆ ಬೇರೇನೇ ವರ್ಗ. ಕೆಲವರು ಕೆ ಅಂತಾರೆ, ಕೆಲವರು ಎಫ್ ಅಂತಾರೆ. ಇದಕ್ಕೆ ನೀರು ಹೊಡೆದ್ರೆ ಏನಾಗುತ್ತೆ ಅಂತ ನಿಮಗೆ ಹೇಳ್ಬೇಕಾಗಿಲ್ಲ."

ಎಲ್ಲರೂ ನನ್ನ ಮಗಳ ಕಡೆ ತಿರುಗಿದರು. ಕುರ್ಚಿಯವರೂ ತಿರುಗಿದರು. ಇಸ್ತ್ರಿ ಕಣ್ಣಲ್ಲೇ ಸನ್ನೆ ಮಾಡಿದ. ಏಳು.

ಗುಬ್ಬಿ ಮುಂದೆ ಹೋದಳು. ಪಟ್ಟಿ ಸುತ್ತಿದ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಯಾರೂ ಕರೆದಿರಲಿಲ್ಲ.

"ತಪ್ಪು..." ಎಂದಳು. ಕೆಮ್ಮಿದಳು.

ಮೇಷ್ಟ್ರಿಗೆ ಕನಿಕರ ಬಂತೋ, ಹೊತ್ತಾಯಿತೆಂಬ ಅವಸರವೋ. "ಹೋಗ್ಲಿ ಬಿಡಮ್ಮ. ಆಗಿದ್ದು ಆಯ್ತು. ಈಗ ಆರಿಸು ನೋಡೋಣ. ಎಣ್ಣೆ ಬೆಂಕಿಗೆ ಇದೇ ಸರಿ, ಇದರ ಹೆಸರು ವೆಟ್ ಕೆಮಿಕಲ್" ಎನ್ನುತ್ತ ಸಾಲಿನ ಕೊನೆಯದನ್ನು ಮುಂದೆ ತಳ್ಳಿದ. "ಇದು ಎಣ್ಣೆ ಮೇಲೆ ಸೋಪಿನ ಥರ ಪದರ ಕಟ್ಟುತ್ತೆ. ಬೆಂಕಿ ಮೇಲೆ ಹಾರಲ್ಲ, ತಣ್ಣಗೆ ಕೂರುತ್ತೆ. ಇದನ್ನ ಗುರುತಿಟ್ಕೋ."

ಕೆಂಪು ಮೈ. ಹಳದಿ ಪಟ್ಟಿ. ಉದ್ದನೆಯ ಕೊಳವೆ.

"ಅಯ್ಯೋ ನಮ್ಮಳಿಯ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಮಗಳು ಅದನ್ನೇ ನೋಡುತ್ತ ನಿಂತಳು. ಆಮೇಲೆ ಮಾತಾಡಿದಳು. ದನಿ ಸಣ್ಣಗಿತ್ತು, ಆದರೆ ನಡುಗುತ್ತಿರಲಿಲ್ಲ.

"ಆರಿಸ್ಕೊಂಡೆ ಆರಿಸ್ಕೊಂಡೆ ಅಂತಿದ್ದಾರೆ ಎಲ್ಲರೂ. ಆರಿಸ್ಕೊಳ್ಳೋಕೆ ಎರಡಾದ್ರೂ ಇರಬೇಕಲ್ವಾ ಸಾರ್? ಅಲ್ಲಿ ಇದ್ದಿದ್ದು ಒಂದೇ."

"ಒಂದೇ? ಇಲ್ವಲ್ಲಮ್ಮ. ತಪಾಸಣೇಲಿ ನಾನೇ ನೋಡಿದ್ದೀನಿ. ವೆಟ್ ಕೆಮಿಕಲ್ ಅಲ್ಲೇ ಇತ್ತು."

"ನೀವು ನೋಡೋವಾಗ ಇತ್ತು ಸಾರ್. ನಾನು ನೋಡೋವಾಗ ಇರ್ಲಿಲ್ಲ."

ಮೇಷ್ಟ್ರು ಅವಳ ಹತ್ತಿರ ಬಂದ.

"ಎಲ್ಲಿ ಹೋಗಿತ್ತು?"

"ಮೇಲೆ. ಸಾಹೇಬ್ರ ಕೆಟಲ್ ಪಕ್ಕ."

"ಯಾರು ತಗೊಂಡು ಹೋಗಿದ್ದು?"

"ನಾನೇ."

ಇಸ್ತ್ರಿ ಕುರ್ಚಿಯಿಂದ ಚಿಮ್ಮಿ ಎದ್ದ. "ಕೇಳಿದ್ರಾ? ಕೇಳಿದ್ರಾ ಸಾರ್? ಅವಳ ಬಾಯಿಂದ್ಲೇ ಬಂತು! ಕಿಚನ್ನಿನ ಸಿಲಿಂಡರ್ ಅವಳೇ ಎತ್ಕೊಂಡು ಹೋಗಿದ್ದು!"

ಎಂಥ ಮನುಷ್ಯ! ಹೊರೆಯನ್ನೂ ಹೊರಿಸಿದ, ಹೊತ್ತ ತಪ್ಪನ್ನೂ ಅವಳ ಮೇಲೇ ಹೊರಿಸಿದ. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಹೊತ್ತೋಳು ಅವಳು. ಹೊರಿಸಿದ್ದು ಯಾರು ಅಂತಾನೂ ಕೇಳಿ ಸಾರ್" ಎಂದೆ. "ಕೆಳಗಿಟ್ರೆ ಜಿಡ್ಡಾಗುತ್ತೆ, ಹೊಳಪು ಹೋಗುತ್ತೆ ಅಂದಿದ್ದು ಯಾರು ಅಂತ ಕೇಳಿ. ಹೊಳಪು ಉಳೀತು. ನನ್ನ ಮಗಳ ಚರ್ಮ ಹೋಯ್ತು."

ಮೇಷ್ಟ್ರು ನೆರಳಿನಲ್ಲಿದ್ದವರ ಮುಖ ನೋಡಿದ. ದೊಡ್ಡ ಸಾಹೇಬರು ಫೋನು ನೋಡುತ್ತಿದ್ದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡ. "ಇದು ನಿಮ್ಮ ಒಳಗಿನ ವಿಷಯ. ನೀವು ನೀವೇ ಮಾತಾಡ್ಕೊಳ್ಳಿ. ಈಗ ಕಿಚನ್ನಲ್ಲಿ ಇದೆ ತಾನೆ? ಹೋಗಿ ನೋಡ್ತೀನಿ. ಇದ್ರೆ ಸಾಕು."

ಬಂದ. ನೋಡಿದ. ಅಳಿಯನ ಹೊಟ್ಟೆ ತಟ್ಟಿದ. ತಲೆಯಾಡಿಸಿದ. ಊಟ ಮಾಡಿಕೊಂಡೇ ಹೋಗಬೇಕೆಂದು ಇಸ್ತ್ರಿ ಅವನನ್ನು ಲಿಫ್ಟಿನಲ್ಲಿ ಮೇಲೆ ಕಳಿಸಿದ. ಬೆಂಕಿಯ ವರ್ಗಗಳನ್ನೆಲ್ಲ ಅರೆದು ಕುಡಿದವನು. ಕಣ್ಣೆದುರಿನ ಸುಟ್ಟ ಕೈ ಅವನ ಯಾವ ವರ್ಗಕ್ಕೂ ಸೇರಲಿಲ್ಲ.

ಲಿಫ್ಟಿನ ಬಾಗಿಲು ಮುಚ್ಚಿತು. ಇಸ್ತ್ರಿ ನಮ್ಮ ಕಡೆ ತಿರುಗಿದ.

"ಹೂಂ, ನಾಟಕ ಮುಗೀತಲ್ಲ? ಒಲೆ ಹಚ್ಚಿ. ಮೇಲೆ ಊಟಕ್ಕೆ ಕಾಯ್ತಿದ್ದಾರೆ. ಹಾಗೇ ಇದನ್ನ ಇಳಿಸಿ ಮೇಲಿಡಿ." ಗುಬ್ಬಿಗೆ ಹೇಳಿದ, "ನೀನು ನಾಳೆಯಿಂದ ಬರ್ಬೇಡ."

ಯಾರೂ ಅಲುಗಲಿಲ್ಲ.

ಅವನು ನನ್ನನ್ನು ಆರಿಸಿಕೊಂಡ. "ನೀನು ಬಾ. ನೀನು ಸಮಾಧಾನದೋಳು. ಆಗ ಏನೋ ಬಾಯಿ ಜಾರ್ತು, ಇರ್ಲಿ. ಎತ್ತು."

ಎಷ್ಟು ಎತ್ತಿದ್ದೇನೆ ಈ ಕೆಲಸದಲ್ಲಿ. ಹಂಡೆ ಎತ್ತಿದ್ದೇನೆ. ಮುಸುರೆ ಬಕೆಟ್ ಎತ್ತಿದ್ದೇನೆ. ಅವನ ಮಗಳ ಹುಟ್ಟುಹಬ್ಬಕ್ಕೆ ಅವನ ಮನೆಯ ಸೋಫಾ ಎತ್ತಿದ್ದೇನೆ. ಎತ್ತು ಅಂದಾಗ ಬೆನ್ನು ತಾನಾಗಿ ಬಾಗುತ್ತದೆ, ಕೇಳುವುದೇ ಇಲ್ಲ. ಅವತ್ತೂ ಬಾಗಿತು. ಅರ್ಧ ಬಾಗಿದವಳು ಮಗಳ ಬಿಳಿ ಪಟ್ಟಿ ನೋಡಿದೆ. ನೆಟ್ಟಗಾದೆ.

"ಎತ್ತಲ್ಲ."

"ಏನಂದೆ?"

"ಎತ್ತಲ್ಲ ಅಂದೆ."

ಅವನು ದೊಡ್ಡಕ್ಕನ ಕಡೆ ಹೊರಳಿದ.

"ನಂಗೆ ಸೊಂಟ ನೋವು ಸಾರ್" ಎಂದಳು ಅವಳು.

"ಯಾವಾಗಿಂದ?"

"ಈಗಿಂದ."

ತರಕಾರಿ ಹೆಚ್ಚುವವಳ ಕಡೆ ನೋಡಿದ. ಅವಳು ಆಗಷ್ಟೇ ಒರೆಸಿಕೊಂಡ ಕೈಯನ್ನು ಮತ್ತೆ ತೊಳೆಯಲು ಹೋದಳು. ನಿಧಾನವಾಗಿ, ಉಗುರು ಉಗುರು ಉಜ್ಜಿ.

ಕೊನೆಗೆ ಅವನೇ ಎತ್ತಿದ. ಮೊಳೆಯಿಂದ ಬಿಡಿಸಲು ಬರಲಿಲ್ಲ, ಜಗ್ಗಿದ. ಭಾರ ಒಮ್ಮೆಲೇ ಎದೆಗೆ ಬಿತ್ತು. ಇಸ್ತ್ರಿಯ ಇಸ್ತ್ರಿ ಮುದುಡಿತು. ಅವುಚಿಕೊಂಡು ಹಿಂದಿನ ಮೆಟ್ಟಿಲಿನ ಕಡೆ ಹೊರಟ. ಲಿಫ್ಟಿಗೆ ಹೋಗಬಹುದಿತ್ತು. ಅತಿಥಿಗಳು ನೋಡುತ್ತಾರಲ್ಲ. ಪಾದದಲ್ಲಿ ಮೆಟ್ಟಿಲು ತಡವುತ್ತ ಹತ್ತಿದ. ತಿರುವಿನ ಹತ್ತಿರ ನಿಂತು ಏದುಸಿರು ಬಿಟ್ಟ. ಅಲ್ಲಿಂದ ಹಿಂತಿರುಗಿ ನೋಡಿದ.

"ಒಲೆ ಯಾಕೆ ಹಚ್ಚಿಲ್ಲ ಇನ್ನೂ?"

ದೊಡ್ಡಕ್ಕ ಮೆಟ್ಟಿಲಿನ ಬುಡಕ್ಕೆ ಹೋಗಿ ನಿಂತಳು. "ಎಣ್ಣೆ ಕಾಯಿಸ್ಬೇಕು ಸಾರ್. ಎಣ್ಣೆ ಇದ್ದ ಕಡೆ ಯಾವುದಿರಬೇಕು ಅಂತ ಮೇಷ್ಟ್ರು ಈಗಷ್ಟೇ ಹೇಳಿಕೊಟ್ರು. ಅದು ನಿಮ್ಮ ಕಂಕುಳಲ್ಲಿದೆ. ಬಿಸಿಲಲ್ಲಿ ನಿಲ್ಲಿಸಿ ಕಲಿಸಿದ ಪಾಠ, ದಂಡ ಮಾಡೋಕಾಗುತ್ತಾ?"

ಮೇಲಿನಿಂದ ಗಂಟೆ ಬಾರಿಸಿತು. ಊಟಕ್ಕೆ ಬಾರಿಸುವ ಗಂಟೆ. ನಾವು ಕೈಕಟ್ಟಿ ನಿಂತೆವು. ಮತ್ತೆ ಬಾರಿಸಿತು. ಅವನು ಮೇಲೂ ಹೋಗಲಾರ, ಕೆಳಗೂ ಬರಲಾರ. ಕೂಸು ಹೊತ್ತವನ ಹಾಗೆ ತಿರುವಿನಲ್ಲಿ ನಿಂತಿದ್ದ. ಆ ತಿರುವಿನಲ್ಲಿ ನಾವೆಲ್ಲ ನಿಂತು ಸುಧಾರಿಸಿಕೊಂಡವರೇ. ಒಬ್ಬರಿಗೂ ಯಾರೂ ಕೈ ಜೋಡಿಸಿರಲಿಲ್ಲ. ನಾವೂ ಜೋಡಿಸಲಿಲ್ಲ.

ಗಂಟೆ ಈಗ ಬಿಡದೆ ಬಾರಿಸತೊಡಗಿತು.

ಇಳಿದು ಬಂದ. ಸಿಲಿಂಡರನ್ನು ನೆಲಕ್ಕಿಟ್ಟು ನಮ್ಮ ಮುಖ ನೋಡಿದ.

"ಮೊಳೆಗೆ ಹಾಕಿ ಸಾರ್" ಎಂದಳು ನನ್ನ ಗುಬ್ಬಿ. "ನೆಲದಲ್ಲಿದ್ರೆ ಕೈಗೆ ಬೇಗ ಸಿಗಲ್ಲ."

ಹಾಕಿದ. ಬಿಳಿ ಅಂಗಿಯ ಮೇಲೆ ಜಿಡ್ಡಿನ ದೊಡ್ಡ ಕಲೆ. ನಮ್ಮ ಅಡುಗೆಮನೆಯ ಗುರುತು. ಅವನು ಮೆಟ್ಟಿಲು ಹತ್ತಿ ಮರೆಯಾದ ಮೇಲೆ ದೊಡ್ಡಕ್ಕ ಒಲೆ ಹಚ್ಚಿದಳು.

"ಅಳಿಯಂದ್ರು ಇನ್ಮೇಲೆ ಮನೆಯಳಿಯ ಕಣ್ರೇ. ಬಿಟ್ಟಿ ಕೂರಂಗಿಲ್ಲ."

ಆಗ ನಕ್ಕೆವು. ಬಾಣಲೆ ಕಾಯುವವರೆಗೂ ನಕ್ಕೆವು.

ಬರಬೇಡ ಎಂದಿದ್ದನಲ್ಲ, ಗುಬ್ಬಿ ಮರುದಿನವೂ ಬಂದಳು. ಗೋಣಿಚೀಲದ ಮೇಲೆ ಕೂತು ಎಡಗೈಯಲ್ಲಿ ಬಟಾಣಿ ಬಿಡಿಸಿದಳು. ಇಸ್ತ್ರಿ ಕಂಡೂ ಕಾಣದವನ ಹಾಗೆ ಹೋದ. ಇವತ್ತಿನವರೆಗೆ ಏನೂ ಅಂದಿಲ್ಲ. ನಾಳೆ ಅನ್ನಬಹುದು. ಅಂದರೆ, ಒಲೆ ಹಚ್ಚುವವರು ನಾವೇ. ತಪ್ಪು ನಂದೇನಾ ಎಂದು ಅವಳು ಮತ್ತೆ ಕೇಳಿಲ್ಲ.

ಗುಬ್ಬಿ ಹಾಗೆ ಬಂದ ದಿನವೇ ನಾನು ಲೋಟಗಳ ತಟ್ಟೆ ಹೊತ್ತು ಮೇಲೆ ಹೋಗಿದ್ದೆ. ಅಳಿಯ ಇದ್ದ ಜಾಗ ನೋಡಿದೆ. ಆ ಮೊಳೆಗೆ ಒಂದು ಬಳ್ಳಿಯ ಕುಂಡ ನೇತುಹಾಕಿದ್ದರು. ಸಿಲಿಂಡರ್ ಎಲ್ಲಿ ಹೋಯಿತೆಂದು ಒಬ್ಬರೂ ಕೇಳಿರಲಿಲ್ಲ. ಅದು ಇಲ್ಲ ಎಂಬುದೇ ಅವರಿಗೆ ತಿಳಿದಿರಲಿಲ್ಲ. ಅದಕ್ಕಾಗಿ ನನ್ನ ಮಗಳು ಬೆಂದದ್ದು. ಬಳ್ಳಿ ಮುಟ್ಟಿ ನೋಡಿದೆ. ಪ್ಲಾಸ್ಟಿಕ್ಕು.

ಕೆಳಗೆ ಬಂದು ಹೇಳಿದೆ. ದೊಡ್ಡಕ್ಕ ಚೀಲಗಳ ಹಿಂದೆ ಕೈಹಾಕಿ ನೀರಿನ ಸಿಲಿಂಡರನ್ನು ಎಳೆದು ತೆಗೆದಳು.

"ಅಲ್ಲಿ ಏನೂ ಇಲ್ವಾ? ಹಾಗಾದ್ರೆ ಇದನ್ನ ಕಳಿಸೋಣ ಕಣೇ. ಅವರು ಬಿಟ್ಟಿದ್ದು ನಮ್ಗೆ ಬಂತು. ನಾವು ಬಿಟ್ಟಿದ್ದು ಅವರಿಗೆ ಹೋಗ್ಲಿ. ಕೆಟಲ್‌ಗೆ ಬೆಂಕಿ ಬೀಳ್ಲಿ, ನೀರು ಹೊಡ್ಕೊಳ್ಲಿ, ಗೊತ್ತಾಗುತ್ತೆ."

ಗುಬ್ಬಿ ಬಟಾಣಿ ಬಿಡಿಸುವುದನ್ನು ನಿಲ್ಲಿಸಿದಳು.

"ಬೇಡ ದೊಡ್ಡಕ್ಕ. ನೀರು ಹೊಡೆಯೋರು ಸಾಹೇಬ್ರಲ್ಲ. ಗ್ಲಾಸ್ ಒರೆಸೋ ಹುಡುಗಿ."